‘ಗೊತ್ತಾಯಿತು’ ಎನ್ನಲು ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ?

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಒಂದು ಸಂಗತಿ ನಮ್ಮ ಅರಿವಿಗೆ ಬಂತು ಎಂಬುದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಹಾಗಾಗಿ ಅವನ್ನೆಲ್ಲ ಒಟ್ಟಿಗೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ‘ಅವನು ಕೆಲಸ ಬಿಟ್ಟ ವಿಷಯ ನನಗೆ ನಿನ್ನೆ ಗೊತ್ತಾಯಿತು’ ಎನ್ನಲು ‘ಐ ನ್ಯೂ ಇಟ್ ಯೆಸ್ಟರ್‌ಡೇ’ ಎಂದು ಬರೆದೆ. ತಪ್ಪು ಎಂದರು. ‘ನೋ’ ಕ್ರಿಯಾಪದದ ಭೂತಕಾಲ ‘ನ್ಯೂ’ ಅಲ್ಲವೇ?

ಭೂತಕಾಲದ ರೂಪವೇನೋ ಸರಿ, ಆದರೆ ಅರ್ಥ ಬೇರೆ. ‘ನೋ’ ಎಂಬುದು ಸ್ಥಿತಿಯನ್ನು ಹೇಳುವ ಕ್ರಿಯಾಪದ. ಕನ್ನಡದಲ್ಲಿ ‘ಗೊತ್ತಿತ್ತು’ ಮತ್ತು ‘ಗೊತ್ತಾಯಿತು’ ಬೇರೆ ಬೇರೆ ಎಂದು ನಾವು ಯೋಚಿಸದೆಯೇ ಬಳಸುತ್ತೇವೆ. ‘ಐ ನ್ಯೂ’ ಎಂದರೆ ‘ಗೊತ್ತಿತ್ತು’. ‘ಐ ನ್ಯೂ ಇಟ್ ಯೆಸ್ಟರ್‌ಡೇ’ ಎಂದು ಓದಿದವರಿಗೆ ‘ನಿನ್ನೆ ಗೊತ್ತಿತ್ತು, ಇವತ್ತು ಮರೆತುಹೋಗಿದೆ’ ಎಂಬ ವಿಚಿತ್ರ ಅರ್ಥ ಬರುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ವಾಕ್ಯಕ್ಕೆ ‘ಮೂರು ವರ್ಷದಿಂದ’ ಎಂದು ಸೇರಿಸಿ ನೋಡಿ. ಹೊಂದಿದರೆ ಅದು ಸ್ಥಿತಿ, ‘ನೋ’ ಬಳಸಿ: ‘ಐ ಹ್ಯಾವ್ ನೋನ್ ಇಟ್ ಫಾರ್ ತ್ರೀ ಇಯರ್ಸ್’. ‘ನಿನ್ನೆ ಐದು ಗಂಟೆಗೆ’ ಎಂಬುದು ಹೊಂದಿದರೆ ಅದು ಘಟನೆ. ಆಗ ಬೇರೆ ಕ್ರಿಯಾಪದ ಬೇಕು. ನಿಮ್ಮ ವಾಕ್ಯಕ್ಕೆ ‘ಐ ಫೌಂಡ್ ಔಟ್ ಯೆಸ್ಟರ್‌ಡೇ ದಟ್ ಹೀ ಹ್ಯಾಡ್ ಲೆಫ್ಟ್ ಹಿಸ್ ಜಾಬ್’ ಸರಿಯಾಗುತ್ತದೆ. ಯಾರೋ ಬಾಯಲ್ಲಿ ಹೇಳಿದ್ದಾದರೆ ‘ಐ ಹರ್ಡ್’ ಎನ್ನಬಹುದು. ಪತ್ರ, ವರದಿಯಂಥ ಗಂಭೀರ ಬರವಣಿಗೆಯಾದರೆ ‘ಐ ಲರ್ನ್ಡ್’ ಚೆನ್ನ. ‘ಹ್ಯಾಡ್ ಲೆಫ್ಟ್’ ಎಂದದ್ದನ್ನೂ ಗಮನಿಸಿ. ಅವನು ಕೆಲಸ ಬಿಟ್ಟದ್ದು ನಿಮಗೆ ಗೊತ್ತಾಗುವುದಕ್ಕಿಂತ ಮೊದಲು.

ಇಲ್ಲಿ ‘ಐ ಕೇಮ್ ಟು ನೋ’ ಎಂದು ಬರೆಯುವವರು ನಮ್ಮಲ್ಲಿ ಬಹಳ. ಅದು ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬ್ರಿಟನ್, ಅಮೆರಿಕದವರು ‘ಕಮ್ ಟು ನೋ’ ಎನ್ನುವುದು ಕಾಲ ಕಳೆದಂತೆ ನಿಧಾನವಾಗಿ ಪರಿಚಯ ಬೆಳೆದಾಗ, ಅದೂ ಹೆಚ್ಚಾಗಿ ವ್ಯಕ್ತಿಯ ಅಥವಾ ಊರಿನ ವಿಷಯದಲ್ಲಿ. ಒಂದೇ ಕ್ಷಣದಲ್ಲಿ ಬಂದ ಸುದ್ದಿಗೆ ಅವರು ಅದನ್ನು ಬಳಸುವುದು ಅಪರೂಪ. ಪರೀಕ್ಷೆಗೆ, ಹೊರದೇಶದ ಪತ್ರವ್ಯವಹಾರಕ್ಕೆ ‘ಫೈಂಡ್ ಔಟ್’ ರೂಢಿ ಮಾಡಿಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ: ‘ನೋಟಿಸ್’, ‘ರಿಯಲೈಸ್’, ‘ರೆಕಗ್ನೈಸ್’, ‘ಡಿಸ್ಕವರ್’, ‘ವರ್ಕ್ ಔಟ್’ ಇವೆಲ್ಲ ನಿಘಂಟಿನಲ್ಲಿ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಡುತ್ತವೆ. ನಿಜಕ್ಕೂ ವ್ಯತ್ಯಾಸವಿದೆಯೇ?

ಇದೆ. ಈ ಗುಂಪನ್ನು ಬಿಡಿಸುವ ಕೀಲಿ ಒಂದೇ: ಸಂಗತಿ ನಿಮ್ಮ ಬಳಿಗೆ ಯಾವ ದಾರಿಯಿಂದ ಬಂತು ಎಂದು ಕೇಳಿಕೊಳ್ಳಿ. ಕನ್ನಡದ ‘ಗೊತ್ತಾಯಿತು’ ಆ ದಾರಿಯನ್ನು ಹೇಳಲೇಬೇಕೆಂದು ಒತ್ತಾಯಿಸುವುದಿಲ್ಲ. ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಹೆಚ್ಚಿನವು ಅದನ್ನು ಹೊತ್ತುಕೊಂಡೇ ಬರುತ್ತವೆ. ಕಣ್ಣಿಗೋ ಕಿವಿಗೋ ತಾನಾಗಿ ಬಿದ್ದರೆ ‘ನೋಟಿಸ್’. ಎದುರಿಗಿದ್ದದ್ದರ ಅರ್ಥ ಮನಸ್ಸಿನೊಳಗೆ ಬಿಚ್ಚಿಕೊಂಡರೆ ‘ರಿಯಲೈಸ್’. ಮೊದಲೇ ತಿಳಿದಿದ್ದರ ಗುರುತು ಹತ್ತಿದರೆ ‘ರೆಕಗ್ನೈಸ್’. ಲೆಕ್ಕ ಹಾಕಿ, ತರ್ಕದಿಂದ ತಲುಪಿದರೆ ‘ವರ್ಕ್ ಔಟ್’ ಅಥವಾ ‘ಫಿಗರ್ ಔಟ್’. ಇವುಗಳಲ್ಲಿ ಮೊದಲನೆಯದು ಬ್ರಿಟನ್ನಿನಲ್ಲಿ ಹೆಚ್ಚು, ಎರಡನೆಯದು ಅಮೆರಿಕದಲ್ಲಿ.

ಎರಡು ಗ್ರಹಗಳ ಇತಿಹಾಸದಲ್ಲಿ ಈ ಐದೂ ಪದಗಳು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. 1690ರಲ್ಲಿ ಜಾನ್ ಫ್ಲ್ಯಾಮ್‌ಸ್ಟೀಡ್ ಯುರೇನಸ್ಸನ್ನು ದೂರದರ್ಶಕದಲ್ಲಿ ನೋಡಿ, ನಕ್ಷತ್ರವೆಂದು ಬಗೆದು ಪಟ್ಟಿಗೆ ಸೇರಿಸಿದ್ದ. ಅವನಿಗೆ ಅದು ಕಂಡಿತ್ತು, ಆದರೆ ಗ್ರಹವೆಂಬ ಗುರುತು ಹತ್ತಲಿಲ್ಲ: ‘ಹೀ ಸಾ ಇಟ್ ಬಟ್ ಡಿಡ್ ನಾಟ್ ರೆಕಗ್ನೈಸ್ ಇಟ್ ಆ್ಯಸ್ ಎ ಪ್ಲಾನೆಟ್’. 1781ರ ಮಾರ್ಚ್ 13ರಂದು ವಿಲಿಯಂ ಹರ್ಷೆಲ್ ಆಕಾಶ ನೋಡುತ್ತಿದ್ದಾಗ ಒಂದು ಕಾಯ ಉಳಿದ ನಕ್ಷತ್ರಗಳಂತಿಲ್ಲ ಎಂಬುದು ಅವನ ಕಣ್ಣಿಗೆ ಬಿತ್ತು. ಅವನು ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ, ಆದ್ದರಿಂದ ‘ಹೀ ನೋಟಿಸ್ಡ್’. ಮೊದಲು ಅದನ್ನು ಧೂಮಕೇತು ಎಂದುಕೊಂಡ. ಇಲ್ಲಿ ‘ಹೀ ರಿಯಲೈಸ್ಡ್ ಇಟ್ ವಾಸ್ ಎ ಕಾಮೆಟ್’ ಎನ್ನುವಂತಿಲ್ಲ, ‘ಹೀ ಥಾಟ್’ ಎನ್ನಬೇಕು. ಕಾರಣ ಮುಂದಿನ ಉತ್ತರದಲ್ಲಿದೆ. ಕಕ್ಷೆಯನ್ನು ಲೆಕ್ಕ ಹಾಕಿದವರು ಅದು ಹೆಚ್ಚುಕಡಿಮೆ ವೃತ್ತಾಕಾರ ಎಂದು ಕಂಡುಕೊಂಡರು: ‘ದೇ ವರ್ಕ್ಡ್ ಔಟ್ ಇಟ್ಸ್ ಆರ್ಬಿಟ್’. ಆಗ ಅದು ಗ್ರಹ ಎಂಬುದು ಅರಿವಾಯಿತು: ‘ದೇ ರಿಯಲೈಸ್ಡ್ ಇಟ್ ವಾಸ್ ಎ ಪ್ಲಾನೆಟ್’. ಇಡೀ ಸರಣಿಗೆ ಒಟ್ಟು ಹೆಸರು ‘ಡಿಸ್ಕವರ್’. ಹರ್ಷೆಲ್ ಯುರೇನಸ್ಸನ್ನು ‘ಡಿಸ್ಕವರ್’ ಮಾಡಿದ ಎನ್ನುತ್ತೇವೆ. ಅವನಿಗಿಂತ ಮೊದಲು ನೋಡಿದ ಫ್ಲ್ಯಾಮ್‌ಸ್ಟೀಡನಿಗೆ ಆ ಪದ ಸಲ್ಲಲಿಲ್ಲ. ಈ ಒಂದು ಸಂಗತಿ ‘ಸೀ’ ಮತ್ತು ‘ಡಿಸ್ಕವರ್’ ನಡುವಿನ ಅಂತರವನ್ನು ಯಾವ ನಿಘಂಟಿಗಿಂತಲೂ ಚೆನ್ನಾಗಿ ತೋರಿಸುತ್ತದೆ.

ನೆಪ್ಚೂನಿನ ವಿಷಯದಲ್ಲಿ ದಾರಿ ತಿರುಗುಮುರುಗಾಯಿತು. ಫ್ರಾನ್ಸಿನ ಖಗೋಳವಿಜ್ಞಾನಿ ಲ ವೆರ್ಯೇ ಮೊದಲು ಗಣಿತದಿಂದ ಅದರ ಜಾಗವನ್ನು ‘ವರ್ಕ್ ಔಟ್’ ಮಾಡಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನ ವೀಕ್ಷಣಾಲಯದಲ್ಲಿ ಯೋಹಾನ್ ಗಾಲೆ ಅದನ್ನು ಹುಡುಕಿ, ಕಂಡುಹಿಡಿದ. ಹುಡುಕುವ ಕಣ್ಣಿಗೆ ಸಿಕ್ಕಿತಾದ್ದರಿಂದ ‘ಗಾಲೆ ಸ್ಪಾಟೆಡ್ ಇಟ್’ ಚೆನ್ನಾಗಿ ಒಪ್ಪುತ್ತದೆ. ‘ನೋಟಿಸ್ಡ್’ ಎಂದರೆ ಅಕಸ್ಮಾತ್ತಾಗಿ ಕಂಡಿತು ಎಂದಾಗಿ, ಹಿಂದಿದ್ದ ಲೆಕ್ಕವೆಲ್ಲ ವಾಕ್ಯದಿಂದ ಕಳಚಿಹೋಗುತ್ತದೆ.

ಪ್ರಶ್ನೆ: ‘ರಿಯಲೈಸ್’ ಎಂಬುದನ್ನು ‘ಅನ್ನಿಸಿತು’ ಎಂಬ ಅರ್ಥದಲ್ಲಿ ಬಳಸಬಹುದೇ?

ಬಳಸಬಾರದು. ‘ರಿಯಲೈಸ್’ ಮಾಡಿದ ಸಂಗತಿ ನಿಜವಾಗಿರಲೇಬೇಕು. ನೀವು ‘ಷಿ ರಿಯಲೈಸ್ಡ್ ದಟ್ ಹೀ ವಾಸ್ ಲೈಯಿಂಗ್’ ಎಂದು ಬರೆದ ಕ್ಷಣ, ಅವನು ಸುಳ್ಳು ಹೇಳುತ್ತಿದ್ದ ಎಂದು ಬರೆದವರಾಗಿ ನೀವೂ ಒಪ್ಪಿಕೊಂಡಂತೆ. ನಕಾರದಲ್ಲೂ ಇದು ಉಳಿಯುತ್ತದೆ. ‘ಷಿ ಡಿಡ್ ನಾಟ್ ರಿಯಲೈಸ್ ದಟ್ ಹೀ ವಾಸ್ ಲೈಯಿಂಗ್’ ಎಂದರೂ ಅವನು ಸುಳ್ಳು ಹೇಳುತ್ತಿದ್ದದ್ದು ನಿಜವೇ, ಅವಳಿಗೆ ಅದರ ಅರಿವಿರಲಿಲ್ಲ ಅಷ್ಟೆ. ‘ನೋಟಿಸ್’, ‘ಫೈಂಡ್ ಔಟ್’, ‘ಡಿಸ್ಕವರ್’ ಇವುಗಳ ಸ್ವಭಾವವೂ ಹೀಗೇ.

ಸುದ್ದಿ, ದೂರು, ತನಿಖಾ ವರದಿ ಬರೆಯುವವರಿಗೆ ಇದು ಬಹಳ ಮುಖ್ಯ. ಆರೋಪ ಇನ್ನೂ ಸಾಬೀತಾಗಿಲ್ಲದ ವ್ಯಕ್ತಿಯ ಬಗ್ಗೆ ‘ದೇ ರಿಯಲೈಸ್ಡ್ ದಟ್ ಹೀ ಹ್ಯಾಡ್ ಟೇಕನ್ ದ ಮನಿ’ ಎಂದು ಬರೆದರೆ ಬರೆದವರೇ ತೀರ್ಪು ಕೊಟ್ಟಂತಾಗುತ್ತದೆ. ಖಚಿತವಿಲ್ಲದ ಕಡೆ ‘ಸಸ್ಪೆಕ್ಟ್’ ಹಾಕಿ. ಬರೀ ಅನಿಸಿಕೆಯಾದರೆ ‘ಥಿಂಕ್’, ‘ಫೀಲ್’. ಪುರಾವೆಯಿಲ್ಲದೆ ಒಪ್ಪಿಕೊಂಡದ್ದಾದರೆ ‘ಅಸ್ಯೂಮ್’.

ವ್ಯಾಕರಣದಲ್ಲಿ ಆಗುವ ತಪ್ಪುಗಳು ಮುಖ್ಯವಾಗಿ ಎರಡು. ‘ರಿಯಲೈಸ್’ ಆದಮೇಲೆ ‘ಅಬೌಟ್’ ಬರುವುದಿಲ್ಲ. ‘ಐ ರಿಯಲೈಸ್ಡ್ ಅಬೌಟ್ ಮೈ ಮಿಸ್ಟೇಕ್’ ತಪ್ಪು, ‘ಐ ರಿಯಲೈಸ್ಡ್ ಮೈ ಮಿಸ್ಟೇಕ್’ ಸರಿ. ಇನ್ನೊಂದು, ‘ಮನವರಿಕೆ ಮಾಡಿಕೊಟ್ಟ’ ಎನ್ನಲು ‘ಹೀ ರಿಯಲೈಸ್ಡ್ ಮಿ’ ಎನ್ನುವುದು. ಅಲ್ಲಿ ‘ಮೇಕ್’ ಬೇಕು, ಮತ್ತು ‘ಟು’ ಬೇಡ: ‘ಹೀ ಮೇಡ್ ಮಿ ರಿಯಲೈಸ್ ಮೈ ಮಿಸ್ಟೇಕ್’. ನಡೆಯುತ್ತಿರುವ ಕ್ರಿಯೆ ಸೂಚಿಸುವ ‘ಐಎನ್‌ಜಿ’ ರೂಪವೂ ಇದಕ್ಕೆ ಅಷ್ಟಾಗಿ ಒಗ್ಗದು. ಅರಿವು ಸ್ವಲ್ಪಸ್ವಲ್ಪವಾಗಿ ಮೂಡುತ್ತಿದ್ದರೆ ‘ಐ ಆ್ಯಮ್ ಬಿಗಿನಿಂಗ್ ಟು ರಿಯಲೈಸ್’ ಎನ್ನುವುದು ವಾಡಿಕೆ.

‘ರಿಯಲೈಸ್’ ಬರೆಯುವಾಗ ಪದದ ಕೊನೆಯಲ್ಲಿ ‘ಎಸ್‌ಇ’ಯೋ ‘ಜಡ್‌ಇ’ಯೋ ಎಂದೂ ಒಬ್ಬರು ಕೇಳಿದ್ದಾರೆ. ಅಮೆರಿಕದಲ್ಲಿ ‘ಜಡ್’. ಬ್ರಿಟನ್ನಿನಲ್ಲಿ ‘ಎಸ್’ ಹೆಚ್ಚು ಬಳಕೆಯಲ್ಲಿದ್ದರೂ ಆಕ್ಸ್‌ಫರ್ಡ್ ನಿಘಂಟು ‘ಜಡ್’ ಅನ್ನೇ ಮುಂದಿಡುತ್ತದೆ. ಎರಡೂ ಸರಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ‘ಕಳೆದ ಕೀಲಿ ಸಿಕ್ಕಿತು’ ಎನ್ನಲು ‘ಐ ಫೌಂಡ್ ಔಟ್ ಮೈ ಕೀಸ್’ ಸರಿಯೇ?

ತಪ್ಪು. ಕೈಗೆ ಸಿಗುವ ವಸ್ತುವಿಗೆ ಬರೀ ‘ಫೈಂಡ್’. ಮಾಹಿತಿಗೆ ಮಾತ್ರ ‘ಫೈಂಡ್ ಔಟ್’. ಕೀಲಿ ‘ಫೌಂಡ್’, ಕೀಲಿ ಯಾರ ಬಳಿ ಇತ್ತು ಎಂಬುದು ‘ಫೌಂಡ್ ಔಟ್’. ವ್ಯಕ್ತಿಯನ್ನು ನಡುವೆ ಇಟ್ಟು ‘ದೇ ಫೌಂಡ್ ಹಿಮ್ ಔಟ್’ ಎಂದರೆ ಅರ್ಥವೇ ಬದಲಾಗುತ್ತದೆ: ಅವನ ಕಳ್ಳಾಟ ಬಯಲಾಯಿತು ಎಂದಾಗುತ್ತದೆ. ಪರಿಚಿತರ ವಿಳಾಸ ಹುಡುಕಿದ್ದನ್ನು ಹೀಗೆ ಹೇಳಿ ಎಡವಟ್ಟು ಮಾಡಿಕೊಳ್ಳಬೇಡಿ.

ಪ್ರಶ್ನೆ: ‘ಐ ನೋಟಿಸ್ಡ್ ಹಿಮ್ ಲೀವ್’, ‘ಐ ನೋಟಿಸ್ಡ್ ಹಿಮ್ ಲೀವಿಂಗ್’, ‘ಐ ನೋಟಿಸ್ಡ್ ದಟ್ ಹೀ ವಾಸ್ ಲೀವಿಂಗ್’: ಮೂರನ್ನೂ ಓದಿದ್ದೇನೆ. ಯಾವುದು ಸರಿ?

ಮೂರೂ ಸರಿ, ಮೂರರ ಅರ್ಥವೂ ಬೇರೆ. ಮೊದಲನೆಯದರಲ್ಲಿ ಅವನು ಎದ್ದು, ನಡೆದು, ಹೊರಗೆ ಹೋದದ್ದು ಪೂರ್ತಿ ಕಣ್ಣಿಗೆ ಬಿದ್ದಿದೆ. ಎರಡನೆಯದರಲ್ಲಿ ಹೋಗುತ್ತಿದ್ದ ಹೊತ್ತಿನ ಒಂದು ತುಣುಕು ಮಾತ್ರ ಕಂಡಿದೆ, ಮುಗಿದದ್ದು ಕಂಡಿರಲೇಬೇಕೆಂದಿಲ್ಲ. ಮೂರನೆಯದರಲ್ಲಿ ಅವನನ್ನು ಕಣ್ಣಾರೆ ನೋಡಿರಲೇಬೇಕೆಂದಿಲ್ಲ. ಕಟ್ಟಿಟ್ಟ ಚೀಲ ನೋಡಿ ಹೊರಟಿದ್ದಾನೆಂದು ತಿಳಿದರೂ ಈ ವಾಕ್ಯ ನಿಲ್ಲುತ್ತದೆ.

‘ಸೀ’, ‘ಹಿಯರ್’, ‘ಫೀಲ್’, ‘ವಾಚ್’, ‘ಅಬ್ಸರ್ವ್’ ಈ ಐದಕ್ಕೂ ಮೊದಲ ಎರಡು ರಚನೆಗಳು ಹೊಂದುತ್ತವೆ. ಕರ್ಮಣಿ ಪ್ರಯೋಗಕ್ಕೆ ಬಂದಾಗ ಮಾತ್ರ ಎಚ್ಚರ ಬೇಕು. ಕರ್ತರಿಯಲ್ಲಿ ಇಲ್ಲದ ‘ಟು’ ಅಲ್ಲಿ ವಾಪಸು ಬರುತ್ತದೆ: ‘ದೇ ಸಾ ಹಿಮ್ ಎಂಟರ್’ ಎಂಬುದು ‘ಹೀ ವಾಸ್ ಸೀನ್ ಟು ಎಂಟರ್’ ಆಗುತ್ತದೆ. ‘ಹೀ ವಾಸ್ ಸೀನ್ ಎಂಟರ್’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ‘ಐಎನ್‌ಜಿ’ ರೂಪಕ್ಕೆ ಈ ತೊಂದರೆ ಇಲ್ಲ, ‘ಹೀ ವಾಸ್ ಸೀನ್ ಎಂಟರಿಂಗ್’ ಸರಿ.

‘ಫೈಂಡ್’, ‘ಸ್ಪಾಟ್’, ‘ಕ್ಯಾಚ್’ ಇವು ‘ಐಎನ್‌ಜಿ’ಯನ್ನು ಮಾತ್ರ ಒಪ್ಪುತ್ತವೆ: ‘ಐ ಫೌಂಡ್ ಹಿಮ್ ಸ್ಲೀಪಿಂಗ್’. ‘ಕ್ಯಾಚ್’ ಬಳಸಿದರೆ ಮಾಡಬಾರದ್ದನ್ನು ಮಾಡುವಾಗ ಸಿಕ್ಕಿಬಿದ್ದ ಎಂಬ ಧ್ವನಿ ಸೇರುತ್ತದೆ. ಮಗು ಓದುತ್ತಿದ್ದದ್ದು ಕಂಡಿತು ಎನ್ನಲು ‘ಕಾಟ್’ ಎಂದರೆ, ಓದುವುದೇ ತಪ್ಪು ಎಂಬಂತೆ ಕೇಳುತ್ತದೆ. ಇನ್ನು ‘ರಿಯಲೈಸ್’, ‘ಲರ್ನ್’, ‘ಫೈಂಡ್ ಔಟ್’ ಈ ಮೂರಕ್ಕೆ ಈ ರಚನೆಯೇ ಇಲ್ಲ. ‘ಐ ರಿಯಲೈಸ್ಡ್ ಹಿಮ್ ಲೀವಿಂಗ್’ ಎಂಬುದು ಇಂಗ್ಲಿಷ್ ವಾಕ್ಯವಾಗುವುದಿಲ್ಲ.

ಒಂದು ಮಾತು ಸೇರಿಸಲೇಬೇಕು. ‘ದಟ್’ ಸೇರಿದೊಡನೆ ಇಂದ್ರಿಯದ ಕ್ರಿಯಾಪದ ಬುದ್ಧಿಯ ಕ್ರಿಯಾಪದವಾಗಿಬಿಡುತ್ತದೆ. ‘ಐ ಹರ್ಡ್ ಹಿಮ್ ಲೀವ್’ ಎಂದರೆ ಹೆಜ್ಜೆಯ ಸದ್ದು, ಬಾಗಿಲ ಸದ್ದು ನಿಮ್ಮ ಕಿವಿಗೇ ಬಿತ್ತು. ‘ಐ ಹರ್ಡ್ ದಟ್ ಹೀ ಹ್ಯಾಡ್ ಲೆಫ್ಟ್’ ಎಂದರೆ ಯಾರೋ ಹೇಳಿದರು. ‘ಐ ಸೀ ದಟ್’ ಎಂದರೆ ಅರ್ಥವಾಯಿತು, ‘ಐ ಫೀಲ್ ದಟ್’ ಎಂದರೆ ನನ್ನ ಅಭಿಪ್ರಾಯ. ಪ್ರತ್ಯಕ್ಷ ಸಾಕ್ಷಿಯ ಹೇಳಿಕೆಯನ್ನು ಇಂಗ್ಲಿಷಿಗೆ ತರುವವರು ಈ ಸಣ್ಣ ಪದವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಒಂದು ‘ದಟ್’ನಿಂದ ಕಂಡದ್ದು ಕೇಳಿದ್ದಾಗಿಬಿಡಬಹುದು.

ಪ್ರಶ್ನೆ: ‘ನನಗೆ ಹೊಳೆಯಿತು’ ಎನ್ನಲು ಏನು ಬಳಸಬೇಕು? ಇಂಗ್ಲಿಷಿನಲ್ಲಿ ಯಾವಾಗಲೂ ‘ಐ’ ಎಂದೇ ಶುರುಮಾಡಬೇಕೇ?

ಬೇಕಿಲ್ಲ. ಕನ್ನಡದಲ್ಲಿ ತಿಳಿದವರು ‘ನನಗೆ’, ‘ಅವಳಿಗೆ’ ಎಂದು ಚತುರ್ಥಿಯಲ್ಲಿ ನಿಲ್ಲುತ್ತಾರೆ, ತಿಳಿದ ಸಂಗತಿಯೇ ಕರ್ತೃವಿನ ಜಾಗಕ್ಕೆ ಬರುತ್ತದೆ. ಇಂಗ್ಲಿಷಿನಲ್ಲೂ ಇದೇ ಜಾಯಮಾನದ ಮೂರು ಕ್ರಿಯಾಪದಗಳಿವೆ, ಕನ್ನಡಿಗರಿಗೆ ಅವು ಬೇಗ ಒಗ್ಗುತ್ತವೆ. ‘ಇಟ್ ಅಕರ್ಡ್ ಟು ಮಿ’, ‘ಇಟ್ ಸ್ಟ್ರಕ್ ಮಿ’, ‘ಇಟ್ ಡಾನ್ಡ್ ಆನ್ ಮಿ’. ತೊಡಕಿರುವುದು ನಡುವಿನ ಪದದಲ್ಲಿ. ‘ಅಕರ್’ಗೆ ‘ಟು’, ‘ಡಾನ್’ಗೆ ‘ಆನ್’, ‘ಸ್ಟ್ರೈಕ್’ಗೆ ಏನೂ ಇಲ್ಲ. ‘ಇಟ್ ಸ್ಟ್ರಕ್ ಟು ಮಿ’ ಎಂಬುದು ನಮ್ಮವರು ಪದೇ ಪದೇ ಮಾಡುವ ತಪ್ಪು.

ಅರ್ಥದಲ್ಲೂ ಒಂದೊಂದಕ್ಕೆ ಒಂದೊಂದು ಬಣ್ಣ. ಒಂದು ಆಲೋಚನೆ ಸುಮ್ಮನೆ ಮನಸ್ಸಿನಲ್ಲಿ ಸುಳಿದರೆ ‘ಅಕರ್’. ಆ ಆಲೋಚನೆ ನಿಜವೇ ಆಗಿರಬೇಕೆಂದಿಲ್ಲ. ‘ಬಸ್ಸು ತಪ್ಪಿರಬಹುದು ಎಂದು ಹೊಳೆಯಿತು’ ಎಂಬಂಥ ಕಡೆ ಇದು ಸರಿ. ‘ಸ್ಟ್ರೈಕ್’ ಥಟ್ಟನೆ ಆಗುವಂಥದ್ದು. ‘ಡಾನ್’ ಬೆಳಗಾದಂತೆ ನಿಧಾನವಾಗಿ ಬರುವಂಥದ್ದು, ಮತ್ತು ಬಂದ ಅರಿವು ನಿಜವೇ ಆಗಿರುತ್ತದೆ. ಅದರ ಜೊತೆ ‘ಸ್ಲೋಲಿ’, ‘ಗ್ರ್ಯಾಜುವಲಿ’ ಸಹಜವಾಗಿ ಸೇರುತ್ತವೆ. ‘ಡಾನ್’ ಜೊತೆ ‘ಸಡನ್ಲಿ’ ಎಂದೂ ಬರೆಯುತ್ತಾರೆ, ಆದರೆ ಹಾಗೆ ಥಟ್ಟನೆ ಬಂದದ್ದಕ್ಕೆ ‘ಸ್ಟ್ರೈಕ್’ ಕೈಯಲ್ಲೇ ಇರುವಾಗ ಅದು ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ‘ಅವೇರ್ ಆಫ್’ ಅಥವಾ ‘ಅವೇರ್ ಅಬೌಟ್’?

‘ಅವೇರ್ ಆಫ್’. ವಾಕ್ಯವೇ ಮುಂದೆ ಬಂದರೆ ‘ಅವೇರ್ ದಟ್’. ‘ಅವೇರ್’ ಕ್ರಿಯಾಪದವಲ್ಲ, ಗುಣವಾಚಕ. ಹಾಗಾಗಿ ‘ಐ ಅವೇರ್’ ಎನ್ನಲಾಗದು. ಸ್ಥಿತಿಗೆ ‘ಐ ಆ್ಯಮ್ ಅವೇರ್’, ಘಟನೆಗೆ ‘ಐ ಬಿಕೇಮ್ ಅವೇರ್’. ಒತ್ತಿ ಹೇಳಲು ‘ವೆರಿ’ಗಿಂತ ‘ವೆಲ್ ಅವೇರ್’ ಹೆಚ್ಚು ಸಹಜ. ಇದನ್ನು ಎದುರಿಗಿದ್ದವರಿಗೆ ಹೇಳುವಾಗ ಜೋಪಾನ: ‘ಐ ಆ್ಯಮ್ ವೆಲ್ ಅವೇರ್ ಆಫ್ ದಟ್’ ಎಂಬುದಕ್ಕೆ ‘ನೀವು ಹೇಳಬೇಕಾಗಿಲ್ಲ’ ಎಂಬ ಬಿಗುವು ಇರುತ್ತದೆ. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಬೇಡ.

ಪ್ರಶ್ನೆ: ಪ್ರಯೋಗಾಲಯದ ವರದಿ ಬರೆಯುತ್ತೇನೆ. ಪ್ರತಿ ಸಾಲಿನಲ್ಲೂ ‘ಫೌಂಡ್’ ಬಂದು ಬೇಸರವಾಗುತ್ತದೆ. ಸಮಾನಾರ್ಥಕಗಳ ಕೋಶದಿಂದ ‘ಡಿಟೆಕ್ಟ್’, ‘ಪರ್ಸೀವ್’, ‘ಡಿಸರ್ನ್’, ‘ಸೆನ್ಸ್’, ‘ಆಸರ್‌ಟೇನ್’ ತೆಗೆದು ಸರದಿಯಂತೆ ಹಾಕಬಹುದೇ?

ಸರದಿಯಂತೆ ಖಂಡಿತ ಬೇಡ. ವರದಿಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ದೋಷವಿಲ್ಲ. ಪದ ಬದಲಾದರೆ ವಿಧಾನವೂ ಬದಲಾಯಿತೇನೋ ಎಂದು ಓದುವವರು ತಿಳಿಯುತ್ತಾರೆ, ಹಾನಿಯಾಗುವುದು ಅಲ್ಲಿ.

ಉಪಕರಣದಿಂದಲೋ ಪರೀಕ್ಷೆಯಿಂದಲೋ ಮಾತ್ರ ಪತ್ತೆಯಾಗುವ ಅಲ್ಪ ಪ್ರಮಾಣಕ್ಕೆ ‘ಡಿಟೆಕ್ಟ್’. ಹೊಗೆ ಪತ್ತೆಮಾಡುವ ಸಾಧನಕ್ಕೆ ‘ಸ್ಮೋಕ್ ಡಿಟೆಕ್ಟರ್’ ಎಂಬ ಹೆಸರು ಬಂದದ್ದು ಇದರಿಂದಲೇ. ‘ಲೆಡ್ ವಾಸ್ ನಾಟ್ ಡಿಟೆಕ್ಟೆಡ್’ ಎಂಬುದಕ್ಕೂ ‘ದೇರ್ ವಾಸ್ ನೋ ಲೆಡ್’ ಎಂಬುದಕ್ಕೂ ದೊಡ್ಡ ಅಂತರವಿದೆ. ಮೊದಲನೆಯದು ನಿಮ್ಮ ಉಪಕರಣ ಅಳೆಯಬಲ್ಲ ಮಿತಿಯೊಳಗೆ ಸೀಸ ಕಾಣಲಿಲ್ಲ ಎನ್ನುತ್ತದೆ. ಎರಡನೆಯದು ಸೀಸವೇ ಇಲ್ಲ ಎಂದು ಸಾರುತ್ತದೆ, ಅದನ್ನು ಯಾವ ಉಪಕರಣವೂ ಹೇಳಲಾರದು. ಮೊದಲನೆಯದನ್ನೇ ಬರೆದು, ಪಕ್ಕದಲ್ಲಿ ಆ ಮಿತಿಯ ಅಂಕಿಯನ್ನು ಕೊಡಿ.

‘ಅಬ್ಸರ್ವ್’ ಎಂದರೆ ಉದ್ದೇಶಪೂರ್ವಕವಾಗಿ, ಗಮನವಿಟ್ಟು ನೋಡಿದ್ದು. ಬಣ್ಣ ಬದಲಾದದ್ದು, ಗುಳ್ಳೆ ಎದ್ದದ್ದು ಇವಕ್ಕೆ ಇದೇ ಸರಿಯಾದ ಪದ. ಅನುಮಾನವಿದ್ದ ಸಂಗತಿಯನ್ನು ಪರಿಶೀಲಿಸಿ ಖಚಿತಪಡಿಸಿಕೊಂಡರೆ ‘ಆಸರ್‌ಟೇನ್’. ಒಳಗೆ ‘ಸರ್ಟನ್’ ಕಂಡರೂ ಉಚ್ಚಾರದ ಒತ್ತು ಕೊನೆಯ ‘ಟೇನ್’ ಮೇಲೆ ಬೀಳುತ್ತದೆ. ಅಳೆದು ಅಥವಾ ಲೆಕ್ಕ ಮಾಡಿ ಪಡೆದ ಮೌಲ್ಯಕ್ಕೆ ‘ಡಿಟರ್ಮಿನ್’.

‘ಸೆನ್ಸ್’ ಮತ್ತು ‘ಪರ್ಸೀವ್’ ಎರಡನ್ನೂ ಇಂಥ ವರದಿಯಿಂದ ದೂರವಿಡಿ. ಮನುಷ್ಯರನ್ನು ಕರ್ತೃವಾಗಿಟ್ಟು ‘ಸೆನ್ಸ್’ ಎಂದರೆ ಪುರಾವೆ ಇಲ್ಲದೆ ಒಳಮನಸ್ಸಿಗೆ ತಟ್ಟಿದ್ದು. ‘ಐ ಸೆನ್ಸ್ಡ್ ದಟ್ ಷಿ ವಾಸ್ ಅಪ್‌ಸೆಟ್’ ಕಥೆಯಲ್ಲಿ ಚೆನ್ನ. ‘ಪರ್ಸೀವ್’ಗೆ ಇಂದ್ರಿಯಕ್ಕೆ ಗೋಚರವಾಗುವುದು ಎಂಬ ಅರ್ಥವಿದ್ದರೂ, ‘ಪರ್ಸೀವ್ಡ್ ಆ್ಯಸ್’ ಎಂದಾಗ ‘ಜನ ಹಾಗೆ ಭಾವಿಸುತ್ತಾರೆ, ನಿಜವೋ ಅಲ್ಲವೋ’ ಎಂಬ ಸಂದೇಹ ಬಂದು ಕೂರುತ್ತದೆ. ‘ಎ ಪರ್ಸೀವ್ಡ್ ರಿಸ್ಕ್’ ಎಂದು ಬರೆದರೆ ಅಪಾಯ ನಿಜವಲ್ಲದಿರಬಹುದು ಎಂದು ನೀವೇ ಸೂಚಿಸಿದಂತೆ. ‘ಡಿಸರ್ನ್’ ಮಂಕಾದದ್ದನ್ನು, ಸೂಕ್ಷ್ಮವಾದದ್ದನ್ನು ಪ್ರಯಾಸಪಟ್ಟು ಬೇರ್ಪಡಿಸಿ ಕಾಣುವುದು. ಮಾತಿನಲ್ಲಿ ಇದಕ್ಕೆ ‘ಮೇಕ್ ಔಟ್’ ಎನ್ನುತ್ತಾರೆ: ಅಳಿಸಿದ ಅಕ್ಷರ, ಮಂಜಿನಲ್ಲಿ ಕಂಡ ಆಕಾರ.

ಕೋಶವನ್ನು ಬಳಸಲೇಬೇಕೆಂದಿದ್ದರೆ ಹೀಗೆ ಮಾಡಿ. ಪದವನ್ನು ಆರಿಸಿದ ಮೇಲೆ ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್–ಇಂಗ್ಲಿಷ್ ನಿಘಂಟಿನಲ್ಲಿ ಅದನ್ನು ತೆರೆಯಿರಿ. ಅದರ ಕರ್ತೃ ಮನುಷ್ಯನೋ ಉಪಕರಣವೋ, ಕರ್ಮವಾಗಿ ವಸ್ತು ಬರುತ್ತದೋ ಸಂಗತಿಯೋ, ಮುಂದೆ ‘ಟು’, ‘ಆನ್’, ‘ಆಫ್’ನಂಥ ಯಾವ ಉಪಸರ್ಗಾವ್ಯಯ ಬರುತ್ತದೆ, ಇಷ್ಟನ್ನು ನೋಡಿ. ನಿಮ್ಮ ವಾಕ್ಯದಂಥ ವಾಕ್ಯ ಅಲ್ಲಿ ಒಂದೂ ಕಾಣದಿದ್ದರೆ ಆ ಪದ ಬಿಟ್ಟು ‘ಫೌಂಡ್’ಗೇ ವಾಪಸಾಗಿ.

ಪ್ರಶ್ನೆ: ಆಡುಮಾತಿನಲ್ಲಿ ‘ಸುಳಿವು ಸಿಕ್ಕಿತು’, ‘ತಡವಾಗಿ ತಲೆಗೆ ಹತ್ತಿತು’ ಎನ್ನಲು ಏನಿವೆ?

ಗುಟ್ಟಾಗಿಟ್ಟ ಸಂಗತಿಯ ಸುಳಿವು ಯಾರಿಂದಲೋ ಸಿಕ್ಕರೆ ‘ಗೆಟ್ ವಿಂಡ್ ಆಫ್’. ಸುದ್ದಿಬರಹದಲ್ಲೂ ನಡೆಯುತ್ತದೆ. ಉಳಿದವರಿಗೆ ಅರ್ಥವಾದ ಮೇಲೆ ನಿಧಾನವಾಗಿ ತಲೆಗೆ ಹತ್ತಿದರೆ ‘ಕ್ಯಾಚ್ ಆನ್’. ಬ್ರಿಟಿಷರ ಮಾತಿನಲ್ಲಿ ‘ಟ್ವಿಗ್’, ‘ಕಾಟನ್ ಆನ್’ ಕೇಳಿಬರುತ್ತವೆ, ಅಮೆರಿಕದವರಿಗೆ ‘ಟ್ವಿಗ್’ ಅಷ್ಟು ಪರಿಚಿತವಲ್ಲ. ‘ಕ್ಯಾಚ್ ಆನ್’ಗೆ ಜನಪ್ರಿಯವಾಗು ಎಂಬ ಇನ್ನೊಂದು ಅರ್ಥವೂ ಇದೆ. ಕರ್ತೃ ಮನುಷ್ಯನಾದರೆ ಅರ್ಥಮಾಡಿಕೊಂಡ, ಹೊಸ ಪದ್ಧತಿಯೋ ಉಡುಗೆಯೋ ಆದರೆ ಜನರಲ್ಲಿ ಹಬ್ಬಿತು.